ಭಾಗಮ್ಮ ತಂದುಕೊಟ್ಟ ಕಲ್ಲು

ಗಾಜಿನ ಕಪಾಟಿನ ಬೀಗ ಮುರಿದಿರಲಿಲ್ಲ, ಗಾಜು ಒಡೆದಿರಲಿಲ್ಲ. ಆದರೆ ಕೊಡ ಹೊತ್ತ ಹೆಣ್ಣಿನ ಚಿತ್ರ ಕೆತ್ತಿದ್ದ ಗೇಣುದ್ದದ ಕಲ್ಲು ಒಳಗಿರಲಿಲ್ಲ. ೧೯೩೭ರ ಆ ಶನಿವಾರ ಬೆಳಗ್ಗೆ ಚಿತ್ತಾಪುರದ ವಾಚನಾಲಯದ ಕಾರ್ಯದರ್ಶಿ ವಾಸುದೇವ ಮಾಸ್ತರರು ಕೂಡಲೇ ಅಧ್ಯಕ್ಷರಿಗೆ ಹೇಳಿ ಕಳಿಸಿದರು. ಆ ಕಲ್ಲು ನೋಡಲೆಂದೇ ಹೈದರಾಬಾದಿನಿಂದ ಪುರಾತತ್ವ ಇಲಾಖೆಯ ಅಧಿಕಾರಿಯೊಬ್ಬರು ಸಂಜೆಯ ಗಾಡಿಗೆ ಬರುವವರಿದ್ದರು.

ಅಧ್ಯಕ್ಷರಾದ ಶ್ರೀನಿವಾಸರಾವ್ ವಕೀಲರು ಬಂದವರೇ ಸಿಡಿದರು. "ಖಣಿಯೊಳಗ ಕೆಲಸ ಮಾಡೋ ಆ ಭಾಗಮ್ಮಂದೇ ಇದು! ನಿನ್ನಿ ಕಲ್ಲು ತೋರಸ್ರಿ ಅಂತ ಬಾಗಲದಾಗ ಹಟ ಹಿಡದಿದ್ಳಲ್ಲ? ಬೆನ್ನಿಗೆ ಉಳಿ ಬಡದ ಕಲ್ಲು, ಯಾರು ತಗೋತಾರಂತ ಒಯ್ದಾಳೋ!"

ಒಂದು ತಾಸಿನೊಳಗೆ ಪೊಲೀಸ್ ಅಮೀನರು ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಗೆ ಹೋಗಿ, ಕೆಲಸದವರೆಲ್ಲರ ಎದುರಿಗೆ ಭಾಗಮ್ಮನನ್ನು ಹಿಡಿದು ತಂದರು.

ಹಿಂದಿನ ದಿನ ಆಕೆಯನ್ನು ಬಾಗಿಲಿನಿಂದ ತಿರುಗಿ ಕಳಿಸಿದವರು ವಾಸುದೇವರೇ. ಓದು ಬಾರದವರಿಗೂ ಹೆಂಗಸರಿಗೂ ಪ್ರವೇಶವಿಲ್ಲ ಎಂಬ ಬೋರ್ಡು ಅವರದೇ ಕೈಬರಹ. "ಒಳಗ ಬಂದು ನಿನಗೇನು ತಿಳೀತದ?" ಎಂದು ಕೇಳಿದ್ದರು. ಆ ಮಾತು ಈಗ ಅವರ ಎದೆಯಲ್ಲಿ ಮುಳ್ಳಿನಂತೆ ಚುಚ್ಚುತ್ತಿತ್ತು.

ಅವರು ನೆಟ್ಟಗೆ ಮಡಿವಾಳಯ್ಯನವರ ಮನೆಗೆ ಹೋದರು. ಮೂವತ್ತು ವರ್ಷ ಅದಾಲತ್ತಿನ ಮುಂದೆ ಕುಳಿತು ಜನರ ಅರ್ಜಿ ಬರೆದಿದ್ದ ಮಡಿವಾಳಯ್ಯನವರಿಗೆ ಸುಳ್ಳು ಯಾವುದು, ನಿಜ ಯಾವುದು ಎಂಬುದು ಕಿವಿಗೇ ತಿಳಿಯುತ್ತಿತ್ತು. ಊರಿನ ಎಷ್ಟೋ ಕಗ್ಗಂಟುಗಳನ್ನು ಅವರು ಬಿಡಿಸಿದಾಗ ಜೊತೆಗಿದ್ದವರು ವಾಸುದೇವರು.

"ಮುಂಜಾನಿಂದ ಯಾರ್ಯಾರು ಏನೇನಂದ್ರು, ಒಂದಕ್ಷರ ಬಿಡದಂಗ ಹೇಳ್ರಿ," ಎಂದರು ಮಡಿವಾಳಯ್ಯ. ಎಲ್ಲ ಕೇಳಿಕೊಂಡು ಹೆಗಲಿಗೆ ವಸ್ತ್ರ ಹಾಕಿ ವಾಚನಾಲಯಕ್ಕೆ ಹೊರಟರು.

ಕಪಾಟಿನಲ್ಲಿ ಕಲ್ಲನ್ನು ಕೂರಿಸಿದ್ದ ಮರದ ಹಲಗೆ ಮಾತ್ರ ಉಳಿದಿತ್ತು. ಅದರ ಮೇಲೆ ಗಾರೆ ಒಣಗಿತ್ತು. ಗಾರೆಯ ಎಡಬದಿಗೆ ಮೂರು ಬೆರಳಗಲದ ಒಂದು ಉಬ್ಬು. ಮಡಿವಾಳಯ್ಯ ಅದನ್ನು ಬೆರಳಿನಿಂದ ಸವರಿ ನೋಡಿದರು. "ಇಲ್ಲೊಂದು ಕಲ್ಲಿನ ವಿವರ ಬರದ ಚೀಟಿ ಇತ್ತಲ್ಲ?"

"ಅದೂ ಇಲ್ಲ," ಎಂದರು ವಾಸುದೇವರು.

ಚೌಕೀದಾರ ಫಕೀರಸಾಬ ಕಣ್ಣು ಒರೆಸಿಕೊಂಡ. "ಆ ಹೆಣ್ಮಗಳು ಹೊಸ್ತಿಲ ದಾಟಿಲ್ಲರಿ. ನಿನ್ನಿ ಬಾಗಲ ತಗದಾಗಿಂದ ಬೀಗ ಹಾಕೋತನ ನಾ ಇಲ್ಲೇ ಕುಂತಿದ್ದೆ. ಮಾಸ್ತರು, ವಕೀಲರು, ದಿನಾ ಪೇಪರ್ ಓದೋ ಮಂದಿ ಬಿಟ್ರ ಯಾರೂ ಬಂದಿಲ್ಲ. ಬರಿಗೈಲೆ ಬಂದ್ರು, ಬರಿಗೈಲೆ ಹೋದ್ರು." ಕಪಾಟಿನ ಕೀಲಿಕೈ ಓದುವ ಕೋಣೆಯ ಮೊಳೆಗೆ ತೂಗುತ್ತಿತ್ತು, ಅಲ್ಲಿ ಬರುವವರೆಲ್ಲರಿಗೂ ಅದು ಕಾಣುತ್ತಿತ್ತು.

"ಚೀಟ್ಯಾಗ ಏನು ಬರದಿದ್ರಿ, ಮಾಸ್ತರ?"

"ಶೋಧಿಸಿದವರು ಶ್ರೀನಿವಾಸರಾವ್ ವಕೀಲರು ಅಂತ."

"ಖರೇನ ಅವರೇ ಶೋಧಿಸಿದ್ರೇನು?"

"ಅವರು ಹೇಳಿದ್ರು, ನಾ ಬರದೆ," ಎಂದು ವಾಸುದೇವರು ಮುಖ ತಿರುಗಿಸಿದರು.

ಹೋದ ಶ್ರಾವಣದಲ್ಲಿ ಭಾಗಮ್ಮ ಸೆರಗಿನಲ್ಲಿ ಸುತ್ತಿ ತಂದು ವಾಸುದೇವರ ಕೈಗೇ ಕೊಟ್ಟಿದ್ದ ಕಲ್ಲು ಅದು. ಆಗ ವಕೀಲರು ಹೈದರಾಬಾದಿನಲ್ಲಿದ್ದರು. ಅವರು ಊರಿಗೆ ಬರುವ ಮೊದಲೇ ವಾಸುದೇವರು ಕಲ್ಲನ್ನು ಹಲಗೆಯ ಮೇಲೆ ಗಾರೆಯಲ್ಲಿ ಕೂರಿಸಿಬಿಟ್ಟಿದ್ದರು. ಶಾಲೆಯ ನೌಕರಿ ಕೊಡಿಸಿದ್ದು ವಕೀಲರು. ಚೀಟಿ ಹೀಗೆ ಬರೆ ಎಂದಾಗ ಕೈ ತಾನಾಗಿಯೇ ಬರೆದಿತ್ತು. ಈಗ ಬಾಯಿ ಬಿಟ್ಟರೆ ಆ ನೌಕರಿಯೇ ಹೋಗಬಹುದಿತ್ತು.

ಮೂರು ಗಂಟೆಗೆ ಮಡಿವಾಳಯ್ಯ ಎಲ್ಲರನ್ನೂ ವಾಚನಾಲಯಕ್ಕೆ ಕರೆಸಿದರು. ವಕೀಲರು ಕುರ್ಚಿಯಲ್ಲಿ ಕುಳಿತರು. ಅಮೀನರ ಹಿಂದೆ ಬಂದ ಭಾಗಮ್ಮ ಹೊಸ್ತಿಲ ಹೊರಗೇ ನಿಂತಳು.

"ಒಳಗ ಬಾ, ತಾಯಿ."

"ಬರಬ್ಯಾಡ ಅಂದಾರ್ರಿ."

"ನಾ ಅಂತೀನಿ, ಬಾ. ಆ ಕಲ್ಲಿನ ಬೆನ್ನಿಗೆ ಏನದ?"

"ಗಾಯ ಅದರಿ. ಖಣಿಯಾಗ ಮಣ್ಣು ತೆಗಿಯೋವಾಗ ನನ್ನ ಉಳಿನೇ ಬಡೀತು. ಎಡಕ್ಕ, ಮೂರು ಬೆರಳಗಲ."

"ನೋಡ್ರಿ, ಕದ್ದಾಕಿಗೇ ಗೊತ್ತದ!" ಎಂದರು ಅಮೀನರು.

"ತಡೀರಿ," ಎಂದರು ಮಡಿವಾಳಯ್ಯ. "ಕಲ್ಲಿನ ಜೋಡಿ ಚೀಟಿನೂ ಹೋಗ್ಯದ. ಓದಾಕ ಬರದ ಹೆಣ್ಮಗಳಿಗೆ ಚೀಟಿ ಯಾಕ ಬೇಕು? ಆ ಚೀಟಿಯಿಂದ ಅಂಜಿಕಿ ಇದ್ದವರು ಅದನ್ನ ತಗದಾರ. ಇವತ್ತು ಬರೋ ಅಧಿಕಾರಿ, ಯಾವ ಜಾಗದಾಗ ಸಿಕ್ತು, ಎಷ್ಟು ಆಳದಾಗ ಸಿಕ್ತು ಅಂತ ಕೇಳ್ತಾರ. ಶೋಧಿಸಿದವರು ಹೇಳಬೇಕಲ್ಲ? ಎರಡನೇದು, ಕಲ್ಲು ಯಾರ ಕೈಯಾಗೂ ಹೊರಗ ಹೋಗಿಲ್ಲ. ಅಂದ್ರ ಇಲ್ಲೇ ಅದ. ಮೂರನೇದು, ಈ ಗಾರಿ. ಆ ಗಾಯದೊಳಗ ತುಂಬಿದ್ದೇ ಈ ಉಬ್ಬು. ಕಲ್ಲಿನ ಬೆನ್ನು ಗಾರಿಯೊಳಗ ಮುಚ್ಚಿತ್ತು. ಆದರೂ ಮುಂಜಾನಿ ವಕೀಲರು, ಬೆನ್ನಿಗೆ ಉಳಿ ಬಡದ ಕಲ್ಲು ಅಂದ್ರು."

ವಕೀಲರು ನಕ್ಕರು. "ಶೋಧಿಸಿದವನೇ ನಾನು. ಮೊದಲೇ ನೋಡಿದ್ದೆ."

"ಹೌದು, ನೀವೇ ಶೋಧಿಸಿದ್ರ ಗೊತ್ತಿರಬೇಕು. ಇಲ್ಲಂದ್ರ, ಗಾರಿಯಿಂದ ಕಲ್ಲು ಕಿತ್ತಾಗಷ್ಟೇ ಗೊತ್ತಾಗಬೇಕು." ಮಡಿವಾಳಯ್ಯ ತಿರುಗಿದರು. "ಮಾಸ್ತರ, ಇನ್ನ ನೀವೇ ಹೇಳಬೇಕು."

ವಾಸುದೇವರು ಭಾಗಮ್ಮನ ಕಡೆ ನೋಡಿದರು. ಆಕೆ ಅವರನ್ನು ನೋಡುತ್ತಿರಲಿಲ್ಲ. ಇವರು ಬಾಯಿ ಬಿಡುತ್ತಾರೆಂಬ ಆಸೆಯನ್ನೇ ಬಿಟ್ಟವಳಂತೆ ನೆಲ ನೋಡುತ್ತಿದ್ದಳು.

"ಈಕಿನೇ ತಂದುಕೊಟ್ಟಳು," ಎಂದರು. "ನನ್ನ ಕೈಗೆ ಕೊಟ್ಟಳು. ಆ ಗಾಯ ಕಂಡಿದ್ದು ಈಕಿ ಮತ್ತ ನಾನು, ಇಬ್ಬರೇ. ವಕೀಲರು ಊರಿಗೆ ಬರೋದ್ರಾಗ ಗಾರಿ ಒಣಗಿತ್ತು. ಸುಳ್ಳು ಚೀಟಿ ಬರದವ ನಾನು."

ವಕೀಲರು ಎದ್ದು, ಹಳೆಯ ಪತ್ರಿಕೆಗಳ ಕಟ್ಟುಗಳ ಹಿಂದಿನಿಂದ ಕಲ್ಲನ್ನು ತೆಗೆದು ಮೇಜಿನ ಮೇಲಿಟ್ಟರು. "ಅಧಿಕಾರಿ ಹೋದಮ್ಯಾಲ ತಿರುಗಿ ಇಡಾಂವಿದ್ದೆ," ಎಂದವರು ಯಾರ ಮುಖವನ್ನೂ ನೋಡದೆ ಹೊರಗೆ ನಡೆದರು. ಅಧ್ಯಕ್ಷಗಿರಿ ಬಿಟ್ಟ ಪತ್ರ ಮರುದಿನ ಬಂತು.

ಸಂಜೆ ಬಂದ ಅಧಿಕಾರಿ ಎರಡು ತಾಸು ಭಾಗಮ್ಮನ ಮಾತನ್ನೇ ಬರೆದುಕೊಂಡರು. ಯಾವ ಪದರದ ಮಣ್ಣು, ಸುತ್ತ ಏನೇನು ಸಿಕ್ಕಿತ್ತು, ಎಲ್ಲ ಆಕೆಗೆ ಬಾಯಿಪಾಠವಿತ್ತು. ಪಕ್ಕದಲ್ಲಿ ಕುಳಿತು ಕೇಳುತ್ತಿದ್ದ ವಾಸುದೇವರಿಗೆ ತಲೆ ಎತ್ತಲಾಗಲಿಲ್ಲ. ಆ ವಾರವೇ ಸಭೆ ಕರೆದು ಹಳೆಯ ನಿಯಮ ತೆಗೆಸಿದರು. ವಾಚನಾಲಯಕ್ಕೆ ಯಾರು ಬೇಕಾದರೂ ಬರಬಹುದು, ಓದು ಬಾರದವರಿಗೆ ಕಪಾಟಿನ ವಸ್ತುಗಳ ಕತೆ ಬಾಯಲ್ಲೇ ಹೇಳಬೇಕು ಎಂದು ಠರಾವಾಯಿತು. ಆದರೆ ಎರಡು ವಾರವಾದರೂ ಗಣಿಯಿಂದ ಒಬ್ಬ ಹೆಣ್ಣುಮಗಳೂ ಬರಲಿಲ್ಲ.

ಕಡೆಗೆ ಅವರೇ ಭಾಗಮ್ಮನ ಗುಡಿಸಲಿಗೆ ಹೋದರು. "ನನ್ನಿಂದ ತಪ್ಪಾಗ್ಯದ. ಮಾಫ್ ಮಾಡವ್ವ."

ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಇಲ್ಲಿ ಯಾಕ ಹೇಳ್ತೀರಿ, ಮಾಸ್ತರ? ಅಮೀನರು ನನ್ನ ಕೈ ಹಿಡದು ಎಳಕೊಂಡು ಹೋಗಿದ್ದು ಖಣಿಯಾಗ. ಅಲ್ಲಿ ಇನ್ನೂ ಕಳ್ಳಿ ಅಂತಾರ."

ಮರುದಿನ ವಾಸುದೇವರು ಶಾಲೆಗೆ ರಜೆ ಹಾಕಿದರು. ಬಿಸಿಲು ನೆತ್ತಿಗೇರುವ ಹೊತ್ತಿಗೆ ಗಣಿಯ ಅಂಚಿನಲ್ಲಿ ನಿಂತು, ಕೆಳಗೆ ಕಲ್ಲು ಸೀಳುತ್ತಿದ್ದ ನೂರಾರು ಜನರಿಗೆ ಕೇಳುವಂತೆ ಮೊದಲು ತಮ್ಮ ಹೆಸರು ಹೇಳಿದರು.