ಟೀಚರ್ ಏನೂ ಕಲಿಸಲಿಲ್ಲ

ಈ ಕಥೆ ಹೇಳುವ ಯೋಗ್ಯತೆ ನನಗಿಲ್ಲ. ಸಂಜೆ ಕ್ಲಾಸಿನಲ್ಲಿ ಓದಿ ಮಾಸ್ತರನಾದವನು ನಾನು, ತಪ್ಪಿದ್ದರೆ ಕ್ಷಮಿಸಿ.

೧೯೭೬. ಚಿತ್ತಾಪುರದಲ್ಲಿ ಹತ್ತು ದಿನದ ಶಿಕ್ಷಕರ ತರಬೇತಿ. ಒಬ್ಬರು ಪಾಠ ಮಾಡಬೇಕು, ಇನ್ನೊಬ್ಬರು ಹಿಂದೆ ಕುಳಿತು ಟೀಕೆ ಬರೆಯಬೇಕು. ನನ್ನ ಪಾಲಿಗೆ ಭಂಕೂರಿನ ಸುಂದರಬಾಯಿ ಟೀಚರ್ ಬಂದರು. ನನ್ನಂತೆ ಅವರ ನೌಕರಿಯೂ ಇನ್ನೂ ಕಾಯಂ ಆಗಿರಲಿಲ್ಲ.

ಕ್ಷೇತ್ರಫಲದ ಪಾಠ. ಟೀಚರ್ ಬೋರ್ಡಿನ ಮೇಲೆ ಒಂದಕ್ಷರ ಬರೆಯಲಿಲ್ಲ. ಮಕ್ಕಳ ಕೈಗೆ ದಾರ ಕೊಟ್ಟು, "ಈ ಖೋಲಿ ಎಷ್ಟು ದೊಡ್ಡದದ, ನೀವೇ ಹೇಳ್ರಿ" ಎಂದು ಮೂಲೆಯಲ್ಲಿ ಕುಳಿತುಬಿಟ್ಟರು. ಮಕ್ಕಳು ನೆಲದ ಪರಸಿಕಲ್ಲು ಅಳೆಯುತ್ತ, ಜಗಳಾಡುತ್ತ, ನನ್ನ ಬೆಂಚಿನ ತನಕ ಬಂದರು.

"ಸರ್, ಕಾಲು ತಗೀರಿ. ಕಲ್ಲು ಅಳೀಬೇಕು" ಎಂದಳು ಒಬ್ಬ ಹುಡುಗಿ.

"ಇರಲಿ ಬಿಡು, ಮಾಸ್ತರನ್ನೂ ಸೇರಿಸಿ ಅಳೆ" ಎಂದೆ.

ಟೀಚರ್ ಸೆರಗಿನಂಚಿನಲ್ಲಿ ನಗು ಒತ್ತಿಕೊಂಡರು. ಆ ಕಣ್ಣು ನನ್ನ ಮೇಲೆ ಒಂದು ಕ್ಷಣ ಹೆಚ್ಚೇ ನಿಂತಿತು.

ಸಂಜೆ ಚಹಾದ ಹೊತ್ತಿಗೆ ಕೇಳಿದರು: "ಏನ್ ಬರದೀರಿ ಮಾಸ್ತರ್? ಭಾಳ ಬೈದೀರೇನು?"

"ನಾಳೆ ಗೊತ್ತಾಗ್ತದ್ರಿ."

"ಹಂಗಾದ್ರ ಹೊಗಳೀರಿ. ಬೈಯೋರು ಹಿಂಗ ಬೆವರಂಗಿಲ್ಲ."

ಹೊಗಳಿದ್ದೆ. 'ಟೀಚರ್ ಏನೂ ಕಲಿಸಲಿಲ್ಲ. ಮಕ್ಕಳೇ ಕಲಿತರು' ಎಂದು ಬರೆದಿದ್ದೆ. ಅದಕ್ಕಿಂತ ದೊಡ್ಡ ಮಾತು ನನಗೆ ಗೊತ್ತಿರಲಿಲ್ಲ.

ಮರುದಿನ ಇನ್‌ಸ್ಪೆಕ್ಟರ್ ಸಾಹೇಬರು ಮೊದಲ ವಾಕ್ಯಕ್ಕೆ ಕೆಂಪು ಗೆರೆ ಎಳೆದಿದ್ದರು. ಎಲ್ಲರೆದುರು ಓದಿದ್ದೂ ಅಷ್ಟನ್ನೇ.

"ಕುಂದ್ರಲಿಕ್ಕ ಪಗಾರ ತಗೋತೀಯೇನವಾ?"

ಸಭೆ ನಕ್ಕಿತು.

"ಖಂಡೆಪ್ಪ, ನೀನೇ ಬರದಿದ್ದು ಹೌದಲ್ಲೊ?"

ಮೇಜಿನ ಮೇಲೆ ಕಾಯಂ ಮಾಡಬೇಕಾದವರ ಪಟ್ಟಿ ಇತ್ತು. ಸುಂದರಬಾಯಿ ನನ್ನನ್ನೇ ನೋಡುತ್ತಿದ್ದರು, ಈಗ ಬಿಡಿಸಿ ಹೇಳುತ್ತಾನೆ ಎಂಬಂತೆ, ಇನ್ನೂ ತುಸು ನಗುತ್ತಲೇ.

"ಹೌದ್ರಿ ಸಾಹೇಬ್ರ" ಎಂದೆ. ಕುಳಿತುಕೊಂಡೆ.

ಅವರ ನೌಕರಿ ಹೋಯಿತು. ನನ್ನದು ಕಾಯಂ ಆಯಿತು.

ಸೊಲ್ಲಾಪುರದ ಅಕ್ಕನ ಮನೆಗೆ ಹೊರಟಿದ್ದವರನ್ನು ವಾಡಿ ಸ್ಟೇಷನ್ನಿನಲ್ಲಿ ಹಿಡಿದೆ. ಟ್ರಂಕಿನ ಮೇಲೆ ಕುಳಿತಿದ್ದರು.

"ಟೀಚರ್, ನಾ ಹೊಗಳೇ ಬರದಿದ್ದೆ."

"ಗೊತ್ತದ. ಪೂರಾ ಓದೀನಿ. ನನಗ ಹಂಗ ಯಾರೂ ಬರದಿರಲಿಲ್ಲ."

ಧೈರ್ಯ ಬಂತು. "ನನ್ನ ಲಗ್ನ ಆಗ್ತೀರಾ?"

ನನ್ನ ಮುಖ ನೋಡಿದರು. ಆ ಕಣ್ಣಿನಲ್ಲಿ ಪ್ರೀತಿ ಇತ್ತು, ಅದೇ ನನ್ನನ್ನು ಕೊಂದದ್ದು.

"ನಿಮ್ಮ ಅವ್ವ ನನಗೇನರ ಅಂದ್ರ?"

"ನಿಮ್ಮ ಪರವಾಗಿ ಮಾತಾಡ್ತೀನಿ."

"ಸಾಹೇಬರ ಮುಂದ ಆಡದವರು ಅವ್ವನ ಮುಂದ ಆಡ್ತೀರಿ?" ಎಂದರು, ಮೆಲ್ಲಗೆ, ಮಗುವಿನ ತಪ್ಪು ಲೆಕ್ಕ ತಿದ್ದುವಂತೆ. "ಸರೀರಿ, ಗಾಡಿ ಬಂತು."

ಈಗ ಹೊಸ ಮಾಸ್ತರರಿಗೆ ಅವರ ಪದ್ಧತಿ ಕಲಿಸುವವನು ನಾನೇ. ಚಪ್ಪಾಳೆ ತಟ್ಟುತ್ತಾರೆ. ಇದು ಯಾರ ಪಾಠವೆಂದು ಇಂದಿನವರೆಗೂ ಹೇಳಿಲ್ಲ.

ಅವರಿಗೆ ಮುಂದೆ ಎಲ್ಲಾದರೂ ಕೈಗೆ ದಾರ ಕೊಡಲು ಮಕ್ಕಳು ಸಿಕ್ಕರೋ ಇಲ್ಲವೋ, ನನಗೆ ಗೊತ್ತಿಲ್ಲ.