ಕೀಲಿ ಹಾಕಲು ನಿಂತವರು

ಸೋಮವಾರ ಬೆಳಿಗ್ಗೆ ನರೋಣಾದ ಪ್ರೌಢಶಾಲೆಯೊಂದರ ಕಂಪ್ಯೂಟರ್ ಕೋಣೆಯ ಬಾಗಿಲು ಹಾರು ಹೊಡೆದಿತ್ತು. ಎಂಟು ಲ್ಯಾಪ್‌ಟಾಪ್‌ಗಳು ಮಾಯ. ಬೀಗ ಮುರಿದಿರಲಿಲ್ಲ. ಮೇಜಿನ ಮೇಲೆ ಇಂಗ್ಲಿಷಿನಲ್ಲಿ ಟೈಪು ಮಾಡಿದ ಚೀಟಿ. ಕೆಳಗೆ ಅತಿಥಿ ಶಿಕ್ಷಕಿ ಶಿವಕಾಂತಾಳ ಹೆಸರು. ಸಹಿ ಇಲ್ಲ.

ಪಿಎಸ್‌ಐ ಭಾಗ್ಯಜ್ಯೋತಿ ಚೀಟಿಯನ್ನು ಎರಡು ಸಲ ಓದಿದರು. ‘ಐ ಸ್ಟಾಪ್ಡ್ ಟು ಲಾಕ್ ದಿ ರೂಮ್’ ಎಂದಿತ್ತು. ತಪ್ಪು ನನ್ನದೇ, ಕೆಲಸ ಬಿಡುತ್ತೇನೆ ಎಂದೂ ಇತ್ತು.

“ಕೀಲಿ ಹಾಕೋದೇ ಬಿಟ್ಟಿದ್ರಂತ ನೋಡ್ರಿ,” ಎಂದ ಗುಮಾಸ್ತ ಕಲ್ಯಾಣಕುಮಾರ. “ಒಂದು ಕೀಲಿಕೈ ಅವರ ಬಲ್ಲಿ, ಇನ್ನೊಂದು ಆಫೀಸಿನಾಗ.”

ಹೆಡ್‌ಮಾಸ್ತರ ಹಣಮಂತ್ರಾಯರು ತಲೆ ತಗ್ಗಿಸಿದರು. “ನಾಳಿ ಸಂಜಿಕಿ ಅವರನ್ನ ಕೆಲಸದಿಂದ ತೆಗೀಬೇಕಾಗ್ತದ್ರಿ.”

*

ಶಿವಕಾಂತಾ ಅಳಲಿಲ್ಲ. ಚೀಟಿ ಓದಿ ಹುಬ್ಬು ಗಂಟಿಕ್ಕಿದಳು.

“ಇದು ನಾ ಬರ್ದದ್ದಲ್ರಿ ಮೇಡಂ. ‘ಸ್ಟಾಪ್ಡ್ ಟು ಲಾಕ್’ ಅಂದ್ರ ಕೀಲಿ ಹಾಕ್ಲಿಕ್ಕಿ ನಿಂತೆ ಅಂತ. ಹಾಕೋದು ಬಿಟ್ಟೆ ಅನ್ನಲಿಕ್ಕಿ ‘ಸ್ಟಾಪ್ಡ್ ಲಾಕಿಂಗ್’ ಅನ್ಬೇಕು. ಹೋದ ವಾರನೇ ಹತ್ತನೇ ಕ್ಲಾಸಿಗಿ ಹೇಳೇನಿ.”

“ಬೇಕಂತಲೇ ತಪ್ಪು ಬರ್ದಿರಬಹುದಲ್ಲ?”

“ತಪ್ಪು ಒಪ್ಕೊಳ್ಳೋ ಚೀಟ್ಯಾಗ ಹಂಗ್ಯಾಕ ಮಾಡ್ಲಿ?”

ಭಾಗ್ಯಜ್ಯೋತಿ ಚೀಟಿ ಮಡಚಿ ಜೇಬಿಗಿಟ್ಟು ಆಫೀಸಿನತ್ತ ನಡೆದರು.

*

ಆಫೀಸಿನ ಕೀಲಿಕೈ ಮುಟ್ಟುವವರು ಹೆಡ್‌ಮಾಸ್ತರು ಮತ್ತು ಗುಮಾಸ್ತ ಇಬ್ಬರೇ. ಇಬ್ಬರ ಮುಂದೂ ಭಾಗ್ಯಜ್ಯೋತಿ ಒಂದೊಂದು ಹಾಳೆ ಇಟ್ಟರು.

“ನಾ ಹೇಳಿದ್ದು ಇಂಗ್ಲಿಷಿನಾಗ ಬರೀರಿ. ‘ನಾನು ಚಹಾ ಕುಡಿಯೋದು ಬಿಟ್ಟೇನಿ.’”

ಹಣಮಂತ್ರಾಯರು ‘ಸ್ಟಾಪ್ಡ್ ಡ್ರಿಂಕಿಂಗ್’ ಎಂದು ಬರೆದರು. ಕಲ್ಯಾಣಕುಮಾರ ‘ಸ್ಟಾಪ್ಡ್ ಟು ಡ್ರಿಂಕ್’ ಎಂದು ಬರೆದ.

ಈ ತಪ್ಪು ಸಾವಿರ ಜನ ಮಾಡುತ್ತಾರೆ. ಅಷ್ಟಕ್ಕೇ ಯಾರ ಕೈಗೂ ಬೇಡಿ ಬೀಳುವುದಿಲ್ಲ. ಆದರೆ ಎತ್ತ ಹುಡುಕಬೇಕೆಂದು ಗೊತ್ತಾಯಿತು. ಭಾಗ್ಯಜ್ಯೋತಿ ಬಸ್‌ಸ್ಟ್ಯಾಂಡಿಗೆ ಹೋಗಿ ಟಂಟಂ ಆಟೋ ಓಡಿಸುವ ದಶರಥನನ್ನು ವಿಚಾರಿಸಿದರು.

“ಗುಮಾಸ್ತರು ಐತವಾರ ಎಲ್ಲಿಗರ ಹೋಗಿದ್ರೇನು?”

“ಹೌದ್ರಿ. ಕರಜಗಿಗಿ, ತಂಗಿ ಮನಿಗಿ ನಾನೇ ಬಿಟ್ಟು ಬಂದೇನಿ. ಎರಡು ತೊಗರಿ ಚೀಲ ಇದ್ದವು. ನನಗ ಮುಟ್ಲಿಕ್ಕಿ ಕೊಡಲಿಲ್ಲ.”

*

ಮರುದಿನ ಜೀಪು ಕರಜಗಿಯಿಂದ ಶಾಲೆಗೆ ಬಂತು. ಎಂಟೂ ಲ್ಯಾಪ್‌ಟಾಪ್ ಅದರಲ್ಲಿದ್ದವು. ಜೊತೆಗೆ ಕಲ್ಯಾಣಕುಮಾರನ ತಂಗಿ ಸೀಮಾ.

“ಚೀಟಿ ಓದಿದ ಕೂಡಲೇ ‘ಬಿಟ್ಟಿದ್ರು’ ಅಂದ್ರಿ,” ಎಂದು ಭಾಗ್ಯಜ್ಯೋತಿ ಗುಮಾಸ್ತನತ್ತ ತಿರುಗಿದರು. “ಅಲ್ಲಿ ಬರ್ದದ್ದು ‘ನಿಂತೆ’ ಅಂತ. ಬರೆದವನ ಮನಸ್ಸಿನಾಗಿದ್ದ ಅರ್ಥ ನಿಮಗ ಹೆಂಗ ತಿಳೀತು ಅಂತ ಅನಿಸ್ತು. ನಿಮ್ಮ ಹಾಳಿನಾಗೂ ಅದೇ ತಪ್ಪು. ಆಮ್ಯಾಗ ದಶರಥ ಚೀಲದ ಮಾತು ಹೇಳಿದ. ತಂಗಿ ನೌಕರಿ ಹುಡುಕ್ಲಿಕತ್ತಾಳಂತ ಆಕಿನೇ ಹೇಳಿದಳು. ಮಾರ್ಲಿಕ್ಕಿ ಕದ್ದಿಲ್ಲ ನೀವು. ಶಿವಕಾಂತಾನ್ನ ಓಡಿಸಿ, ಆ ಜಾಗಾಕ್ಕ ತಂಗೀನ್ನ ತರಬೇಕಂತಿದ್ರಿ. ಹೌದಿಲ್ಲೋ?”

ಕಲ್ಯಾಣಕುಮಾರ ನೆಲ ನೋಡಿದ. “ಬಿಎಡ್ ಮುಗಿಸಿ ಮೂರು ವರ್ಷ ಮನ್ಯಾಗ ಕುಂತಾಳ್ರಿ,” ಎಂದಷ್ಟೇ ಹೇಳಿ, ಕಾನ್‌ಸ್ಟೇಬಲ್ ಹಿಂದೆ ನಡೆದ.

ಹಣಮಂತ್ರಾಯರು ಕೈ ಮುಗಿದು ಶಿವಕಾಂತಾಳ ಕ್ಷಮೆ ಕೇಳಿದರು. ಹತ್ತನೇ ಕ್ಲಾಸಿನ ಹುಡುಗಿಯರು ಆಗಲೇ ಲ್ಯಾಪ್‌ಟಾಪ್ ಎತ್ತಿಕೊಂಡು ಒಳಗೆ ಓಡಿದ್ದರು.

ಸೀಮಾ ಮಾತ್ರ ಕಂಪ್ಯೂಟರ್ ಕೋಣೆಯ ಬಾಗಿಲಲ್ಲೇ ನಿಂತಿದ್ದಳು. ಕಣ್ಣು ಕೆಂಪಾಗಿದ್ದವು.

“ಚೀಲದಾಗ ಏನದ ಅಂತ ನನಗ ಗೊತ್ತಿರಲಿಲ್ರಿ ಅಕ್ಕೋರ. ನೌಕರಿ ಬೇಕು ಖರೆ, ಹಿಂಗಲ್ಲ. ಶಿಕ್ಷಕರ ಪರೀಕ್ಷಿ ಕಟ್ಟೇನಿ, ಇಂಗ್ಲಿಷೇ ಹತ್ತಂಗಿಲ್ಲ. ಐತವಾರಕ್ಕೊಮ್ಮಿ ಬಂದ್ರ ಹೇಳಿಕೊಡ್ತೀರೇನ್ರಿ?”

ಶಿವಕಾಂತಾ ಕೋಣೆಯೊಳಗೆ ಹೋಗಿ ಮುಂದಿನ ಬೆಂಚಿನಲ್ಲಿ ಕುಳಿತಳು. ಪಕ್ಕಕ್ಕೆ ಸರಿದು ಜಾಗ ಮಾಡಿದಳು.

“ಐತವಾರದ ತನಕ ಯಾಕ? ಬಾ, ಕುಂದ್ರು.”