ಟೋಪಿ ಹಾಕಿದ ಮುಳ್ಳುಚೆಂಡು

“ಎಣ್ಣೆ ಬಿಟ್ಯಾ?” ಅಜ್ಜ ಕೇಳಿದ.

“ಬಿಟ್ಟೆ ಅಜ್ಜಾ. ಎರಡು ಹನಿ.”

“ಎರಡೇನಾ? ಥೇಟ್ ನಿಮ್ಮಜ್ಜಿ ನೀನು! ಎಣ್ಣೆ ಬಗ್ಗಿಸೋಕೆ ಅವಳ ಕೈಯೂ ಹೀಗೇ ನಡುಗ್ತಿತ್ತು.”

ಫೋತಿನಿ ನಗುತ್ತಾ ನೀರಿನ ಮೇಲೆ ಇನ್ನಷ್ಟು ಆಲಿವ್ ಎಣ್ಣೆ ಚಿಮುಕಿಸಿದಳು. ದೋಣಿಯ ಸುತ್ತ ಸಣ್ಣ ಅಲೆಗಳು ಸುಮ್ಮನಾದವು. ಅವಳು ಬಗ್ಗಿ, ಗಾಜಿನ ತಳದ ಡಬ್ಬವನ್ನು ನೀರಿಗೆ ಒತ್ತಿ, ಅದರೊಳಗೆ ಮುಖ ಇಟ್ಟಳು. ಕಡಲ ತಳ ಕಾಣಿಸಿತು.

ಹೋದ ವರ್ಷದವರೆಗೂ ಹೀಗೆ ನೋಡುತ್ತಿದ್ದುದು ಅಜ್ಜ ಲೆಫ್ತೇರಿ. ಈಗ ಅವನ ಕಣ್ಣಿಗೆ ಪೊರೆ ಬಂದಿದೆ. ಈ ವರ್ಷ ಫೋತಿನಿಯೇ ಅಜ್ಜನ ಕಣ್ಣು.

ಇವತ್ತು ಶುದ್ಧ ಸೋಮವಾರ. ಈಸ್ಟರ್‌ಗೆ ಮುಂಚಿನ ಉಪವಾಸ ಶುರುವಾಗುವ ದಿನ. ಮಾಂಸ ಇಲ್ಲ, ಮೀನಿಲ್ಲ. ರಕ್ತವಿಲ್ಲದ ಕಡಲಜೀವಿಗಳನ್ನು ಮಾತ್ರ ತಿನ್ನಬಹುದು. ಅದಕ್ಕೇ ಅಜ್ಜ ಪ್ರತಿ ವರ್ಷ ಸಂತ ನಿಕೊಲಾಸನ ಪುಟ್ಟ ಇಗರ್ಜಿಯ ಕೆಳಗೆ, ಇದೇ ಕೊಲ್ಲಿಯಲ್ಲಿ, ಮುಳ್ಳುಚೆಂಡು ಹಿಡಿಯುತ್ತಿದ್ದ. ಬಂಡೆಗೆ ಅಂಟಿಕೊಂಡಿರುವ ಪುಟ್ಟ ಜೀವಿ ಅದು; ಚೆಂಡಿನ ಹಾಗೆ ಗುಂಡಗೆ, ಮೈತುಂಬ ಮುಳ್ಳು. ಮೊದಲನೆಯದನ್ನು ಒಡೆದು, ನಿಂಬೆ ಹಿಂಡಿ, ಅಜ್ಜಿಗೆ ಕೊಡುತ್ತಿದ್ದ. ಅಜ್ಜಿ ಈಗ ಇಲ್ಲ. ಆದರೂ ಮೊದಲನೆಯದು ಅವಳ ಹೆಸರಿಗೇ.

“ಟೋಪಿಯವರು ಎಷ್ಟು ಜನ ಇದಾರೆ?” ಅಜ್ಜ ಕೇಳಿದ.

ಅಜ್ಜನ ಪ್ರಕಾರ ತಲೆಯ ಮೇಲೆ ಟೋಪಿಯಂತೆ ಚಿಪ್ಪು, ಕಲ್ಲು ಹೊತ್ತ ಮುಳ್ಳುಚೆಂಡುಗಳು ಹೆಣ್ಣು. ಬೋಳುತಲೆಯ ಕರಿಯವು ಗಂಡು. “ಅವೆರಡೂ ಬೇರೆ ಬೇರೆ ಜಾತಿಯಂತೆ ಅಜ್ಜಾ, ಟೀಚರ್ ಹೇಳಿದ್ರು” ಎಂದರೆ, “ನಿಮ್ಮ ಟೀಚರಮ್ಮನೂ ಹ್ಯಾಟ್ ಹಾಕ್ತಾರಲ್ಲ, ನೋಡು ಮತ್ತೆ!” ಎಂದುಬಿಡುತ್ತಿದ್ದ. ಅಜ್ಜ, ಟೀಚರ್ ಇಬ್ಬರೂ ಒಪ್ಪುತ್ತಿದ್ದ ಮಾತು ಒಂದೇ: ಮುಳ್ಳುಚೆಂಡು ಚೆನ್ನಾಗಿದ್ದರೆ ಕಡಲು ಚೆನ್ನಾಗಿದೆ.

ಫೋತಿನಿ ನೋಡಿದಳು. ಬಂಡೆಯೆಲ್ಲ ಖಾಲಿ. ಉದುರಿದ ಮುಳ್ಳುಗಳು ಹಲ್ಲುಕಡ್ಡಿಗಳಂತೆ ಚೆಲ್ಲಿದ್ದವು. ಕಡಲಸೌತೆ ಎಂಬ ಮೆತ್ತನೆಯ ಜೀವಿಯೊಂದು ಸೊರಗಿ ಬಿದ್ದಿತ್ತು. ಗುಡ್ಡದ ಮೇಲಿನ ಹೊಸ ಹೋಟೆಲಿನ ಕೊಳೆನೀರಿನ ಪೈಪು ಕಡಲಿಗೆ ಇಳಿಯುವಲ್ಲಿ ಬೂದುಬಣ್ಣದ ಲೋಳೆ.

“ಕಾಲಿಡೋಕೆ ಜಾಗ ಇಲ್ಲ ಅಲ್ವೇನೇ? ನಾನು ಹುಡುಗ ಆಗಿದ್ದಾಗ, ಅಬ್ಬಾ! ಕಡಲಿಗೇ ಮುಳ್ಳು ಬಂದ ಹಾಗಿತ್ತು.”

ಅಜ್ಜನ ಮುಖ ಅರಳಿತ್ತು. ಫೋತಿನಿಯ ಬಾಯಿಂದ ಮಾತು ಜಾರಿತು.

“ಹೂಂ ಅಜ್ಜಾ. ತುಂಬಾ ಇದಾವೆ.”

“ಹಾಗಾದ್ರೆ ತೆಗಿ ಒಂದು. ಅಜ್ಜಿಯದು.”

ಹುಡುಕಿ ಹುಡುಕಿ ಟೋಪಿಯದು ಒಂದು ಸಿಕ್ಕಿತು. ತುದಿ ಸೀಳಿದ ಉದ್ದ ಕೋಲಿನಿಂದ ಅದನ್ನು ಮೇಲೆತ್ತಿದಳು. ಅದರ ತಲೆಯ ಮೇಲಿದ್ದುದು ಸೋಡಾ ಬಾಟಲಿಯ ಕೆಂಪು ಮುಚ್ಚಳ! ಸದ್ದಾಗದಂತೆ ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡಳು. ಮುಳ್ಳುಚೆಂಡನ್ನು ಅಜ್ಜನ ಅಂಗೈಯಲ್ಲಿಟ್ಟಳು.

ಅಜ್ಜ ಕಾದ. ಗಟ್ಟಿಮುಟ್ಟಾದ ಮುಳ್ಳುಚೆಂಡು ಅಂಗೈಯಲ್ಲಿ ಮುಳ್ಳು ಆಡಿಸಿ ಕಚಗುಳಿ ಇಡುತ್ತದೆ. ಇದರ ಮುಳ್ಳುಗಳು ಮಿಸುಕಲಿಲ್ಲ. ಎರಡು ಉದುರಿ ಅಂಗೈಯಲ್ಲೇ ಉಳಿದವು.

“ಪುಟ್ಟಿ,” ಎಂದ ಮೆಲ್ಲಗೆ, “ಇದು ಕಚಗುಳಿ ಇಡ್ತಿಲ್ವಲ್ಲೇ.”

ಫೋತಿನಿ ಜೇಬಿನಲ್ಲಿದ್ದ ಮುಚ್ಚಳವನ್ನು ಇನ್ನೂ ಒಳಕ್ಕೆ ತುರುಕಿದಳು.

ದಡದಿಂದ ಅಮ್ಮ ಕೂಗಿದಳು. “ಬುಟ್ಟಿ ತುಂಬ್ತಾ? ರೊಟ್ಟಿ ಆರಿಹೋಗ್ತಿದೆ!”

“ಈ ಸಲ ರೊಟ್ಟಿಗೆ ಆಲಿವ್ ಕಾಯೇ ಸಾಕು ಕಣೇ!” ಎಂದು ಅಜ್ಜ ಕೂಗಿದ.

ಅವನು ಬೈಯಲಿಲ್ಲ. ಮುಳ್ಳುಚೆಂಡನ್ನು ಮೆಲ್ಲಗೆ ನೀರಿಗಿಳಿಸಿ, ಇಗರ್ಜಿಯ ಕಡೆ ತಿರುಗಿ ಶಿಲುಬೆ ಗುರುತು ಮಾಡಿಕೊಂಡ. ಎಣ್ಣೆಯ ಬಾಟಲಿಯನ್ನು ತಡವಿ ಅವಳ ಕೈಗೆ ಕೊಟ್ಟ.

“ಈಗ ಇದ್ದದ್ದು ಇದ್ದ ಹಾಗೆ ಹೇಳು. ನಂಗೆ ಕಾಣಲ್ಲ ಅಲ್ವಾ?”

ಫೋತಿನಿ ಡಬ್ಬದೊಳಗೆ ಮುಖ ಇಟ್ಟಳು.

“ಬರೀ ಬಂಡೆ ಅಜ್ಜಾ. ಉದುರಿದ ಮುಳ್ಳು. ಪೈಪಿನ ಹತ್ರ ಲೋಳೆ...”

ಇಗರ್ಜಿಯಲ್ಲಿ ವಾಚನ ಕೇಳುವಾಗಿನಂತೆ ಅಜ್ಜ ತಲೆ ಬಾಗಿಸಿ ಕೇಳಿದ. “ಆಮೇಲೆ?”

ದೋಣಿ ನಿಧಾನವಾಗಿ ಪೈಪಿನಿಂದ ದೂರ ತೇಲಿತು.

“ಬಿರುಕಲ್ಲಿ ಒಂದಿದೆ. ನನ್ನ ಕೋಟಿನ ಗುಂಡಿಯಷ್ಟು. ತಲೆ ಮೇಲೆ ಚಿಪ್ಪಿನ ಚೂರು. ನಿಜವಾದ ಚಿಪ್ಪು.”

“ಮುಳ್ಳು ಆಡ್ತಿದೆಯಾ?”

ಹೂಂ ಎನ್ನಲು ಬಾಯಿ ತೆರೆದವಳು ಡಬ್ಬವನ್ನು ಇನ್ನಷ್ಟು ಕೆಳಗೆ ಒತ್ತಿದಳು. ಉಸಿರು ಬಿಗಿಹಿಡಿದು ನೋಡಿದಳು. ಇನ್ನೂ ನೋಡಿದಳು. ಅಜ್ಜ ಕಾಯುತ್ತಿದ್ದ.

“ಆಡ್ತಿದೆ,” ಎಂದಳು.

ಅಜ್ಜ ತನ್ನ ಖಾಲಿ ಅಂಗೈಯನ್ನು ಮೆಲ್ಲಗೆ ಮುಚ್ಚಿಕೊಂಡ.